ಗಲ್ಲಾ ಬಿಟ್ಟು ಏಳುವ ವಿಚಾರ

ಅರಸೀಕೆರೆ
ಜೂನ್ 12, 2025

ಹೇಮಾಶ್ರೀಗೆ,

ನಾವಿಲ್ಲಿ ಕ್ಷೇಮ ಎಂದು ಶುರು ಮಾಡುವುದು ರೂಢಿ. ನಿನ್ನ ಅಮ್ಮ ಕ್ಷೇಮ, ಹೋಟೆಲು ಕ್ಷೇಮ. ನನ್ನ ವಿಷಯವನ್ನು ಈ ಕಾಗದ ಪೂರ್ತಿ ಓದಿ ನೀನೇ ತೀರ್ಮಾನ ಮಾಡು. ಫೋನಿನಲ್ಲಿ ನಾನೊಬ್ಬನೇ ಮಾತಾಡುತ್ತೇನೆ, ನಿನಗೆ ಒಂದು ವಾಕ್ಯ ಮುಗಿಸಲೂ ಬಿಡುವುದಿಲ್ಲ, ಇನ್ನು ಏನಿದ್ದರೂ ಬರೆದು ಕಳಿಸಿ ಎಂದು ಯುಗಾದಿಯ ದಿನ ಅಪ್ಪಣೆ ಕೊಡಿಸಿದೆಯಲ್ಲ, ಅದರಂತೆ ಬರೆಯುತ್ತಿದ್ದೇನೆ. ಬೇಲೂರಿನ ಕಾಲೇಜಿನಲ್ಲಿ ಇತಿಹಾಸ ಹೇಳುವ ಮೇಡಮ್ಮಿನ ಹತ್ತಿರ ಇಡ್ಲಿ ಮಾರುವ ಅಪ್ಪ ಕಾಗದದಲ್ಲೇ ಮಾತಾಡಬೇಕು. ಆಗಲಿ. ಇದನ್ನು ಬೇಲೂರು ಬಸ್ಸಿನ ಕಂಡಕ್ಟರ್ ಕೈಲಿ ಕಳಿಸುತ್ತೇನೆ. ಅವನಿಗೆ ಒಂದು ಕಾಫಿ ಕೊಟ್ಟರೆ ಆಯಿತು, ಅಂಚೆ ಇಲಾಖೆ ಕಾಫಿಗೆ ಒಪ್ಪುವುದಿಲ್ಲ.

ಸ್ಟೇಷನ್ ರೋಡಿನ ವರ್ತಕರ ಸಂಘದವರು ಆಗಸ್ಟ್ ಹದಿನೈದಕ್ಕೆ ನಾನು ಭಾಷಣ ಮಾಡಬೇಕು ಎಂದಿದ್ದಾರೆ. ಬ್ರಿಟಿಷರು ಭಾರತ ಬಿಟ್ಟು ಹೋದದ್ದು ಯಾಕೆ ಎಂಬುದು ವಿಷಯ. ಹತ್ತು ನಿಮಿಷ. ರೈಲಿನಲ್ಲಿ ವಡೆ ಮಾರಿ ಮೇಲೆ ಬಂದ ಮನುಷ್ಯ, ಮಾತಿಗೇನು ಬರ ಎಂದು ಸಭೆಯಲ್ಲಿ ಅಂದರಂತೆ. ಬರ ಇಲ್ಲ ನಿಜ. ಆದರೆ ಮುಂದಿನ ಸಾಲಿನಲ್ಲಿ ಹೈಸ್ಕೂಲಿನ ಮೇಷ್ಟ್ರುಗಳು ಕೂತಿರುತ್ತಾರೆ.

ನನ್ನ ಅಭಿಪ್ರಾಯ ಹೀಗಿದೆ. ಅವರು ಬಂದದ್ದು ಅಂಗಡಿ ಇಡಲು. ಅಂಗಡಿ ಲುಕ್ಸಾನಾಯಿತು, ಬಾಗಿಲು ಹಾಕಿದರು. ಇದಕ್ಕೆ ನಾಲ್ಕು ಇಸವಿ ಸೇರಿಸಿ ಕೊಟ್ಟರೆ ಉಳಿದದ್ದನ್ನು ನಾನು ಹಿಗ್ಗಿಸಿಕೊಳ್ಳುತ್ತೇನೆ.

ಇನ್ನೊಂದು ವಿಷಯವಿದೆ, ಅದರ ಬಗ್ಗೆ ನೀನು ಏನೂ ಬರೆಯಬೇಡ. ನಿನ್ನ ತಮ್ಮ ಹೇಮಂತ ಗಲ್ಲಾದ ಕುರ್ಚಿ ತನಗೆ ಬೇಕು ಎನ್ನುತ್ತಿದ್ದಾನೆ. "ಅಪ್ಪ, ನೀವು ಎದ್ರೆ ನಾನಿಲ್ಲಿರ್ತೀನಿ. ಇಲ್ದಿದ್ರೆ ಹಳೇಬೀಡಲ್ಲಿ ದೇವಸ್ಥಾನದ ಎದುರು ಒಂದು ಕ್ಯಾಂಟೀನು ಖಾಲಿ ಐತೆ, ಅಲ್ಲಿಗೋಯ್ತೀನಿ" ಎಂದ. ಮೂವತ್ತಾರು ವರ್ಷದ ಹುಡುಗ, ಆಡುವ ಮಾತೇ ಇದು?

ಗಿರಾಕಿಗಳ ನಡುವಿನಿಂದ,
ನಿನ್ನ ಅಪ್ಪ
ನಂಜುಂಡಯ್ಯ


ಬೇಲೂರು
ಜೂನ್ 20, 2025

ಅಪ್ಪ,

ಕಾಗದ ತಲುಪಿತು. ಕೊಡುವಾಗ ಕಂಡಕ್ಟರು, "ಮೇಡಂ, ಬ್ರಿಟಿಷ್ನೋರು ಲಾಸಾಗಿ ಹೋದ್ರಂತೆ, ಹೌದಾ?" ಎಂದು ಕೇಳಿದರು. ಇನ್ನು ಮೇಲೆ ಕವರಿಗೆ ಅಂಟು ಹಾಕಿ.

ನಿಮ್ಮ ಮಾತು ಪೂರ್ತಿ ತಪ್ಪಲ್ಲ. ಎರಡನೇ ಮಹಾಯುದ್ಧವನ್ನು ಇಂಗ್ಲೆಂಡು ಗೆದ್ದಿತು, ಗೆಲ್ಲುವಷ್ಟರಲ್ಲಿ ಬರಿಗೈಯಾಗಿತ್ತು. ಅಮೆರಿಕದಲ್ಲಿ ಸಾಲ ಎತ್ತಿದರು, ನಮ್ಮ ದೇಶಕ್ಕೂ ಬಾಕಿ ಉಳಿಸಿಕೊಂಡರು. ಅಲ್ಲಿನ ಜನ ಯುದ್ಧ ಗೆಲ್ಲಿಸಿದ ಸರ್ಕಾರವನ್ನೇ ಇಳಿಸಿ, ಮನೆ ಕೊಡುತ್ತೇವೆ ಆಸ್ಪತ್ರೆ ಕೊಡುತ್ತೇವೆ ಎಂದವರನ್ನು ಆರಿಸಿದರು. ದೂರದ ದೇಶವೊಂದನ್ನು ಬಲವಂತವಾಗಿ ಹಿಡಿದಿಟ್ಟುಕೊಳ್ಳಲು ಅವರಿಗೆ ಹಣವೂ ಇರಲಿಲ್ಲ, ಮನಸ್ಸೂ ಉಳಿದಿರಲಿಲ್ಲ.

ಆದರೆ ಅಂಗಡಿ ಲುಕ್ಸಾನಾಯಿತು ಎಂದಷ್ಟೇ ಹೇಳಿ ಕೂತುಬಿಟ್ಟರೆ, ಉಪ್ಪು ಮಾಡಿದವರು, ನಲವತ್ತೆರಡರಲ್ಲಿ ಜೈಲು ತುಂಬಿದವರು, ಗುಂಡಿಗೆ ಬಲಿಯಾದವರು ಎಲ್ಲ ಸುಮ್ಮನೆ ದಣಿದರು ಎಂದಾಗುತ್ತದೆ. ಅಂಗಡಿ ತಾನಾಗಿ ಲುಕ್ಸಾನಾಗಲಿಲ್ಲ ಅಪ್ಪ. ಜನ ಲುಕ್ಸಾನು ಮಾಡಿಸಿದರು.

ಇನ್ನೊಂದು ಎಚ್ಚರಿಕೆ. ಅರಸೀಕೆರೆಯನ್ನು ನೇರವಾಗಿ ಆಳುತ್ತಿದ್ದವರು ಬ್ರಿಟಿಷರಲ್ಲ, ಮೈಸೂರಿನ ಮಹಾರಾಜರು. ಆಗಸ್ಟ್ ಹದಿನೈದು ಕಳೆದ ಮೇಲೂ ಜನರ ಸರ್ಕಾರ ಬೇಕೆಂದು ನಮ್ಮವರು "ಮೈಸೂರು ಚಲೋ" ಎಂದು ಬೀದಿಗಿಳಿಯಬೇಕಾಯಿತು. ಮೇಷ್ಟ್ರುಗಳು ನಿಮ್ಮನ್ನು ಹಿಡಿಯುವುದಾದರೆ ಇಲ್ಲೇ ಹಿಡಿಯುತ್ತಾರೆ.

ಬರೆಯಬೇಡ ಎಂದ ವಿಷಯಕ್ಕೆ ಒಂದೇ ಸಾಲು: ಹೋಟೆಲು ತೆರೆದಾಗ ನಿಮಗೆ ಇಪ್ಪತ್ತೇಳು.

ಮಧ್ಯೆ ಬಾಯಿ ಹಾಕಿಸಿಕೊಳ್ಳದೆ ಇಷ್ಟು ಹೇಳಿದ ಸಂತೋಷದಲ್ಲಿ,
ಹೇಮಾಶ್ರೀ


ಅರಸೀಕೆರೆ
ಜೂನ್ 29, 2025

ಹೇಮಾ,

ಅಂಟು ಹಾಕಿದ್ದೇನೆ. ಕಂಡಕ್ಟರಿಗೆ ಬೇಜಾರಾಗಿದೆ.

ಮೈಸೂರಿನ ವಿಷಯ ಬರೆದಿಟ್ಟುಕೊಂಡೆ. ಜೈಲಿಗೆ ಹೋದವರ ಮಾತನ್ನೂ ಒಪ್ಪಿದೆ. ಆದರೆ ನನ್ನ ಲುಕ್ಸಾನಿನ ಕಾರಣ ನನಗೇ ಈಗ ಸಾಲದು ಅನ್ನಿಸುತ್ತಿದೆ. ನಮ್ಮ ಎದುರಿನ ಬಟ್ಟೆ ಅಂಗಡಿಯ ದೇವರಾಜ್ ಬಹಳ ಕಾಲದಿಂದ ಲುಕ್ಸಾನಿನಲ್ಲೇ ಇದ್ದಾನೆ. ಬಾಗಿಲು ಹಾಕಿದನೇ? ಇಲ್ಲ. ದಸರಾ ಬಂದರೆ ಬೋರ್ಡಿಗೆ ಹೊಸ ಬಣ್ಣ ಹೊಡೆಸುತ್ತಾನೆ. ಮರ್ಯಾದೆಗಾಗಿ ಕೂತವನನ್ನು ಲುಕ್ಸಾನು ಎಬ್ಬಿಸಲಾರದು. ಬ್ರಿಟಿಷರೂ ಹಾಗೆ ಬಣ್ಣ ಹೊಡೆಸಿಕೊಂಡು ಇನ್ನೊಂದಷ್ಟು ದಿನ ಕೂರಬಹುದಿತ್ತು. ಇನ್ನೇನೋ ಇದೆ, ಹುಡುಕು.

ಇಲ್ಲಿ ಒಂದು ಘಟನೆಯಾಯಿತು. ತೆಂಗಿನಕಾಯಿಯ ಬೆಲೆ ಏರಿದ್ದು ನಿನಗೆ ಗೊತ್ತು. ಕಾಯಿಗೆ ಹೆಸರಾದ ಊರಿನಲ್ಲೇ ಕಾಯಿ ಒಡೆಯಲು ಎರಡು ಸಲ ಯೋಚಿಸಬೇಕಾಗಿದೆ. ಅದಕ್ಕೆ ಒಂದು ನಿಯಮ ಮಾಡಿದ್ದೆ: ಚಟ್ನಿ ಒಂದೇ ಸಲ, ಎರಡನೇ ಸಲ ಕೇಳಿದರೆ ಸಾಂಬಾರು. ನಿನ್ನೆ ಬಾಣಾವರದಿಂದ ರೈಲಿನಲ್ಲಿ ಬರುವ ಗಿರಾಕಿಯೊಬ್ಬರು ಹಣ ಕೊಡುತ್ತ, "ಯಜಮಾನ್ರೇ, ನಾನು ಇಲ್ಲಿಗೆ ಬರೋದೇ ಚಟ್ನಿಗೆ ಕಣ್ರೀ. ಕೇಳಿದಷ್ಟು ಹಾಕ್ತಾರೆ, ಮುಖ ಸಿಂಡರಿಸಲ್ಲ" ಎಂದು ನನ್ನನ್ನು ಹೊಗಳಿದರು. ನಾನು ನಕ್ಕು ಚಿಲ್ಲರೆ ಕೊಟ್ಟೆ. ಮುಖ ಸಿಂಡರಿಸುವ ಕೆಲಸವನ್ನು ಅವರು ಹೋದ ಮೇಲೆ ಮಾಡಿದೆ.

ಬಡಿಸುವ ಮಹಾಂತೇಶನನ್ನು ಕರೆದು ಕೇಳಿದರೆ, ಹೇಮಂತಣ್ಣ ಹಾಕು ಅಂದಿದ್ದಾರೆ ಎಂದ. ಎಂದಿನಿಂದ ಎಂದರೆ ಸಂಕ್ರಾಂತಿಯಿಂದಂತೆ. ನಿಯಮ ಮಾಡಿದ್ದೂ ಸಂಕ್ರಾಂತಿಗೇ.

ಚಟ್ನಿಯಷ್ಟೇ ಖಾರವಾಗಿ,
ಅಪ್ಪ


ಬೇಲೂರು
ಜುಲೈ 6, 2025

ಅಪ್ಪ,

ಇನ್ನೇನೋ ಇದೆ ಎಂದಿರಲ್ಲ, ಇದೆ. ಅದನ್ನು ನಿಮಗೆ ಹೇಳಲು ಸ್ವಲ್ಪ ಭಯ, ಯಾಕೆಂದರೆ ಅದರಲ್ಲಿ ಊಟ ಬರುತ್ತದೆ.

1946ರ ಫೆಬ್ರವರಿಯಲ್ಲಿ ಮುಂಬೈಯ ನೌಕಾದಳದಲ್ಲಿದ್ದ ನಮ್ಮ ನಾವಿಕರು ಮುಷ್ಕರ ಹೂಡಿದರು. ಹಾಕುತ್ತಿದ್ದ ಊಟ ಕೆಟ್ಟದಾಗಿತ್ತು, ಮೇಲಧಿಕಾರಿಗಳ ಬಾಯಿ ಊಟಕ್ಕಿಂತ ಕೆಟ್ಟದಾಗಿತ್ತು. ಕೆಲವೇ ದಿನಗಳಲ್ಲಿ ಅದು ಬೇರೆ ಬಂದರುಗಳಿಗೆ, ಹಡಗಿನಿಂದ ಹಡಗಿಗೆ ಹಬ್ಬಿ, ಬ್ರಿಟಿಷರ ಬಾವುಟ ಇಳಿಯಿತು. ಮುಷ್ಕರ ಬೇಗ ಮುಗಿಯಿತು. ಆದರೆ ಡೆಲ್ಲಿಯಲ್ಲಿ ಕೂತವರಿಗೆ ಒಂದು ವಿಷಯ ತಿಳಿದುಹೋಯಿತು.

ಒಂದೂವರೆ ಲಕ್ಷದಷ್ಟು ಬ್ರಿಟಿಷರು ಸುಮಾರು ನಲವತ್ತು ಕೋಟಿ ಜನರನ್ನು ತಮ್ಮ ಕೈಯಿಂದ ಆಳಲಿಲ್ಲ. ಸಿಪಾಯಿ, ಪೊಲೀಸು, ಗುಮಾಸ್ತ, ತೆರಿಗೆ ಎತ್ತುವವನು, ಎಲ್ಲರೂ ನಮ್ಮವರೇ. ಚಳವಳಿ ಇಪ್ಪತ್ತೈದು ವರ್ಷ ಆ ಕೈಗಳ ಹತ್ತಿರವೇ ಮಾತಾಡುತ್ತಿತ್ತು: ನೀನು ಮಾಡದಿದ್ದರೆ ಇದು ನಡೆಯುವುದಿಲ್ಲ. ಕೊನೆಗೆ ಆ ಕೈಗಳನ್ನು ನಂಬಿ ಒಂದು ಆಜ್ಞೆ ಹೊರಡಿಸುವ ಧೈರ್ಯ ಅವರಿಗೆ ಉಳಿಯಲಿಲ್ಲ. ಹೀಗೆ ಕುರ್ಚಿ ಹೋಗುವ ಸುದ್ದಿ ಕುರ್ಚಿಯಲ್ಲಿ ಕೂತವನಿಗೆ ಎಲ್ಲರಿಗಿಂತ ತಡವಾಗಿ ಗೊತ್ತಾಗುತ್ತದೆ.

ಊಟ ಸರಿಯಿಲ್ಲದೆ ಬ್ರಿಟಿಷರು ಹೋದರು ಎಂದು ಮಾತ್ರ ಭಾಷಣದಲ್ಲಿ ಹೇಳಬೇಡಿ. ನಿಮ್ಮನ್ನು ನಾನು ಬಲ್ಲೆ.

ನಿಮ್ಮ ಚಟ್ನಿಯ ಬಗ್ಗೆ ಏನೂ ಬರೆದಿಲ್ಲ, ಗಮನಿಸಿ.

ಹೇಮಾಶ್ರೀ


ಅರಸೀಕೆರೆ
ಜುಲೈ 10, 2025

ಹೇಮಾ,

ನೀನು ಏನೂ ಬರೆಯದೆ ಬರೆದದ್ದು ತಲುಪಿತು. ನಾನು ಪರೀಕ್ಷೆ ಮಾಡಿ ನೋಡದೆ ಯಾವುದನ್ನೂ ಕೊಳ್ಳುವವನಲ್ಲ. ನಿನ್ನೆ ಬೆಳಿಗ್ಗೆ ಅಡುಗೆಮನೆಗೆ ಹೋಗಿ, ಈವತ್ತು ವಡೆಗೆ ಈರುಳ್ಳಿ ಹಾಕಕೂಡದು ಎಂದೆ. ಯಾವ ಕಾರಣವೂ ಇರಲಿಲ್ಲ. ಅಡುಗೆಯ ಕುಮಾರಸ್ವಾಮಿ ಆಯ್ತು ಎಂದ. ಹಿಟ್ಟು ರುಬ್ಬುವ ಹೆಂಗಸು ಆಯ್ತು ಎಂದಳು. ಮಹಾಂತೇಶ ಕೇಳುವ ಮೊದಲೇ ಆಯ್ತು ಎಂದ.

ವಡೆ ಬಂತು. ಬಿಡಿಸಿ ನೋಡಿದೆ. ದಿನಕ್ಕಿಂತ ಒಂದು ಹಿಡಿ ಜಾಸ್ತಿಯೇ ಈರುಳ್ಳಿ ಇತ್ತು.

ಕುಮಾರಸ್ವಾಮಿಯನ್ನು ಕೇಳಿದೆ. ಅವನು ಸೌಟು ಕೆಳಗಿಡದೆ ಹೇಳಿದ: "ಯಜಮಾನ್ರೇ, ನಿಮ್ಮ ಮಾತು ಕೇಳದಂಗೆ ಇರಕ್ಕಾಯ್ತದಾ? ಕೇಳ್ತೀವಿ. ನಿಮ್ಮ ಮನಸ್ಸಿಗೆ ಯಾಕೆ ನೋವು ಮಾಡಣ ಅಂತ ಆಯ್ತು ಅಂತೀವಿ."

ಅಂದರೆ ಇಷ್ಟು ದಿನ ನಾನು ಆಳಿದ್ದು ಆಯ್ತು ಎಂಬ ಒಂದು ಮಾತನ್ನು. ನಿನ್ನ ಅಮ್ಮ ಸಾವಿತ್ರಮ್ಮನಿಗೆ ಹೇಳಿದರೆ, "ಮನೇಲೂ ಅಷ್ಟೇ ಅಲ್ವಾ" ಎಂದಳು.

ಇನ್ನೂ ಕುರ್ಚಿಯಲ್ಲೇ ಕೂತು,
ನಂಜುಂಡಯ್ಯ


ಅರಸೀಕೆರೆ
ಜುಲೈ 22, 2025

ಹೇಮಾಶ್ರೀಗೆ,

ನಾನು ಹೋಟೆಲಿನಿಂದ ಹೊರಡಲು ನಿರ್ಧರಿಸಿದ್ದೇನೆ. ಯಾರೂ ನನ್ನನ್ನು ಕಳಿಸಲಿಲ್ಲ, ನಾನಾಗಿ ಹೊರಡುತ್ತಿದ್ದೇನೆ ಎಂಬುದನ್ನು ಬೀದಿಯಲ್ಲಿ ಕೇಳಿದವರಿಗೆಲ್ಲ ಹೇಳುತ್ತಿದ್ದೇನೆ.

ಹೇಗೆ ಹೊರಡಬೇಕು ಎಂದು ತಿಳಿಯಲು ಪಕ್ಕದ ಮನೆಯ ಮಂಜುಳಾಳ ಹತ್ತನೇ ಕ್ಲಾಸಿನ ಪುಸ್ತಕ ತಂದು ಓದಿದೆ. ಬ್ರಿಟಿಷರು 1948ರ ಜೂನಿನೊಳಗೆ ಹೋಗುತ್ತೇವೆ ಎಂದವರು ಅವಸರ ಮಾಡಿಕೊಂಡು 1947ರ ಆಗಸ್ಟಿಗೇ ಹೊರಟರು. ಹೊರಡುವಾಗ ಎರಡು ಭಾಗ ಮಾಡಿ ಹೊರಟರು. ದೊಡ್ಡವರು ಹೋಗುವಾಗ ಭಾಗ ಮಾಡಿ ಹೋಗಬೇಕು ಎಂದು ಅದರಿಂದ ಕಲಿತೆ. ಮಕ್ಕಳಿಬ್ಬರು, ಮಗಳಿಗೂ ಸಮಪಾಲು ಎಂದು ಕಾನೂನೇ ಹೇಳುತ್ತದೆ.

ಆದ್ದರಿಂದ ಭಾನುವಾರ ಹೋಟೆಲು ಮುಚ್ಚಿದ ಮೇಲೆ ಮುಂಬಾಗಿಲಿನಿಂದ ಹಿಂಬಾಗಿಲಿನವರೆಗೆ ಸುಣ್ಣದ ಕಡ್ಡಿಯಲ್ಲಿ ಒಂದು ಗೆರೆ ಎಳೆದೆ. ಪೂರ್ವದ ಕಡೆಯ ಒಲೆಗಳು, ಗ್ರೈಂಡರು ಹೇಮಂತನಿಗೆ. ಪಶ್ಚಿಮದ ಕಡೆಯ ನಲ್ಲಿ, ಉಗ್ರಾಣ, ಕಿಟಕಿ ಪಕ್ಕದ ಟೇಬಲ್ಲುಗಳು ನಿನಗೆ. ಗೆರೆ ಎಳೆಯುತ್ತ ಹೋದಾಗ ಅದು ಸರಿಯಾಗಿ ಗಲ್ಲಾ ಪೆಟ್ಟಿಗೆಯ ನಡುವೆ ಹಾದುಹೋಯಿತು. ಅದು ಯಾರ ಪಾಲಿಗೂ ಸೇರದ್ದರಿಂದ, ನೀವಿಬ್ಬರೂ ಒಂದು ತೀರ್ಮಾನಕ್ಕೆ ಬರುವವರೆಗೆ ನಾನು ಅಲ್ಲಿ ಕೂರುವುದು ಅನಿವಾರ್ಯವಾಗಿದೆ.

ನ್ಯಾಯವಾಗಿ ಹಂಚಿದ ಸಮಾಧಾನದಲ್ಲಿ,
ಅಪ್ಪ


ಬೇಲೂರು
ಜುಲೈ 26, 2025

ಅಪ್ಪ,

ನಿಮ್ಮ ಕಾಗದ ನನಗಿಂತ ಮೊದಲು ನಿಮ್ಮ ಅಳಿಯಂದಿರ ಕೈಗೆ ಸಿಕ್ಕಿತು. ಸಂತೋಷ್ ಊಟ ಬಿಟ್ಟು ಅಳತೆ ಟೇಪು ಹುಡುಕುತ್ತಿದ್ದರು. ಕಿಟಕಿ ಪಕ್ಕ ಜ್ಯೂಸ್ ಅಂಗಡಿ ಹಾಕಬಹುದು ಎಂದು ರಾತ್ರಿಯೆಲ್ಲ ಲೆಕ್ಕ ಹಾಕಿದ್ದಾರೆ. ಒಂದು ಗೆರೆ ಇಷ್ಟು ಬೇಗ ಕೆಲಸ ಮಾಡುತ್ತದೆ ಎಂದು ನಾನೂ ಅಂದುಕೊಂಡಿರಲಿಲ್ಲ.

ಆ ಪುಸ್ತಕದಲ್ಲಿ ಮುಂದಿನ ಪುಟವನ್ನೂ ಓದಬೇಕಿತ್ತು. ಈ ದೇಶವನ್ನು ಹಿಂದೆ ಕಂಡೇ ಇರದ ಒಬ್ಬ ವಕೀಲರನ್ನು ಕರೆಸಿ, ಐದು ವಾರದಲ್ಲಿ ನಕ್ಷೆಯ ಮೇಲೆ ಗೆರೆ ಎಳೆಸಿದರು. ಒಂದು ಕಡೆ ಗದ್ದೆ, ಇನ್ನೊಂದು ಕಡೆ ಅದರ ನೀರು. ಕೋಟಿಗಟ್ಟಲೆ ಜನ ಮನೆ ಬಿಟ್ಟರು. ಸತ್ತವರ ಲೆಕ್ಕವನ್ನು ಈವತ್ತಿಗೂ ಯಾರೂ ಸರಿಯಾಗಿ ಹೇಳಲಾರರು.

ನಮ್ಮದು ಒಂದು ಇಡ್ಲಿ ಹೋಟೆಲು, ಅದಕ್ಕೆ ಇದನ್ನು ಹೋಲಿಸಲು ನನಗೇ ನಾಚಿಕೆ. ಆದರೂ ಕೇಳಿ: ಒಲೆ ಅವನ ಕಡೆ, ನಲ್ಲಿ ನನ್ನ ಕಡೆ. ಅವನು ಇಡ್ಲಿ ಬೇಯಿಸಲು ನನ್ನನ್ನು ನೀರು ಕೇಳಬೇಕು. ಎಷ್ಟು ದಿನ ಕೊಟ್ಟೇನು? ಸಂತೋಷ್ ಎಷ್ಟು ದಿನ ಕೊಡಲು ಬಿಟ್ಟಾರು?

ನನಗೆ ಪಾಲು ಬೇಡ ಎಂದು ದೊಡ್ಡತನ ತೋರಿಸುವುದಿಲ್ಲ. ಬೇಕು. ಗೋಡೆಯಾಗಿ ಮಾತ್ರ ಬೇಡ. ಹಬ್ಬಕ್ಕೆ ಬಂದರೆ ತಮ್ಮ ಬಿಸಿ ಇಡ್ಲಿ ತಂದು ಮುಂದಿಡುವಂಥ ಪಾಲು ಯಾವುದಾದರೂ ಇದ್ದರೆ ಅದನ್ನು ಕೊಡಿ.

ಏಳುವುದಾದರೆ ಎದ್ದುಬಿಡಿ ಅಪ್ಪ. ಜಗಳ ಹಚ್ಚಿ ಅದರ ನಡುವೆ ಕೂರಬೇಡಿ.

ಹೇಮಾಶ್ರೀ


ಅರಸೀಕೆರೆ, ಜುಲೈ 30

ಮಗಳು ಹೇಮಾಗೆ ಅಮ್ಮ ಬರೆಯೋದು.

ನಿನ್ನ ಕಾಗದ ನಿಮ್ಮಪ್ಪ ಓದಿದ್ರು. ಆಮೇಲೆ ಮಧ್ಯಾಹ್ನ ಊಟಕ್ಕೆ ಬರಲಿಲ್ಲ, ನಾನೂ ಕರೀಲಿಲ್ಲ. ನೆಲ ಒರೆಸೋದಿತ್ತು, ಒರೆಸಿದೆ. ಗೆರೆ ಹೋಯ್ತು. ಯಾರು ಅಳಿಸಿದ್ದು ಅಂತ ಕೇಳಿದ್ರು. ಹೋಟ್ಲು ಅಂದ್ಮೇಲೆ ನೆಲ ಒರೆಸ್ತಾರೆ ಕಣ್ರೀ ಅಂದೆ. ಮತ್ತೆ ಸುಣ್ಣದ ಕಡ್ಡಿ ಮುಟ್ಟಿಲ್ಲ.

ಆದ್ರೆ ಹೇಮಂತನ ಮನಸ್ಸು ಮುರಿದೈತೆ. ಅಪ್ಪ ಹೆಂಗೂ ಏಳಲ್ಲ, ಏಳೋ ನಾಟಕ ಮಾಡ್ತಾರೆ ಅಂತಾನೆ. ಹಳೇಬೀಡಿನ ಕ್ಯಾಂಟೀನ್ನೋರಿಗೆ ಮಾತು ಕೊಟ್ಟು ಬಂದವ್ನೆ. ಬಾವುಟದ ಹಬ್ಬ ಮುಗಿದ ಸೋಮವಾರ ಅಲ್ಲಿ ಒಲೆ ಹಚ್ಚೋದಂತೆ. ಕುಮಾರಸ್ವಾಮೀನೂ ಅವನ ಹಿಂದೆ ಹೋಗ್ತಾನೆ. ನಿಮ್ಮಪ್ಪನ ಹತ್ರ ಉಳಿಯೋದು ನಾನು ಮತ್ತೆ ಆ ಕುರ್ಚಿ. ನನಗೆ ಹೇಮಂತ ಹೋಗೋದು ಬೇಡ. ಇದನ್ನ ಯಾರಿಗೆ ಹೇಳಲಿ ಅಂತ ಗೊತ್ತಾಗದೆ ನಿನಗೆ ಬರೆದೆ.

ಸಂತೋಷ್‌ಗೆ ಟೇಪು ಒಳಗಿಡೋಕೆ ಹೇಳು.

ಸಾವಿತ್ರಮ್ಮ


ಬೇಲೂರು
ಆಗಸ್ಟ್ 11, 2025

ಅಪ್ಪ,

ನಿಮ್ಮಿಂದ ಕಾಗದವಿಲ್ಲ. ನಾನು ಫೋನ್ ಮಾಡಿದರೂ ಹೂಂ ಎಂದು ಅಮ್ಮನ ಕೈಗೆ ಕೊಟ್ಟಿರಿ. ನೀವು ಮಾತು ನಿಲ್ಲಿಸಬೇಕು ಎಂದು ನಾನು ಎಂದೂ ಕೇಳಿರಲಿಲ್ಲ, ನಡುವೆ ಸ್ವಲ್ಪ ಜಾಗ ಬಿಡಿ ಎಂದಿದ್ದೆ.

ನಿನ್ನೆ ಮಾದಿಹಳ್ಳಿಗೆ ಹೋಗಿ ಬರುವಾಗ ಹಳೇಬೀಡಿನಲ್ಲಿ ಬಸ್ಸು ನಿಂತಿತ್ತು. ಹೇಮಂತ ಲಗೇಜ್ ಆಟೋದಿಂದ ಇಡ್ಲಿ ಪಾತ್ರೆ ಇಳಿಸುತ್ತಿದ್ದ. ಕರೆಯೋಣ ಎಂದುಕೊಂಡೆ. ಕರೆದು ಏನು ಹೇಳುವುದು ಎಂದು ಯೋಚಿಸುವಷ್ಟರಲ್ಲಿ ಬಸ್ಸು ಹೊರಟಿತು.

ಭಾಷಣ ಮುಗಿದ ಮೇಲೆ ಅದು ಹೇಗಾಯಿತು ಎಂದಾದರೂ ಬರೆಯಿರಿ.

ಹೇಮಾ


ಅರಸೀಕೆರೆ
ಆಗಸ್ಟ್ 17, 2025

ಹೇಮಾಗೆ,

ಭಾಷಣ ಅತಿಯಾಗಿ ಚೆನ್ನಾಯಿತು. ಕೆಟ್ಟದ್ದೆಲ್ಲ ಅದರಿಂದಲೇ ಆದದ್ದು.

ಜನ ಸೇರಿದ್ದರು. ಹೇಮಂತ ನಮ್ಮ ಹೋಟೆಲಿನಿಂದ ಉಪ್ಪಿಟ್ಟು, ಕೇಸರಿಬಾತ್ ಹೊರಿಸಿಕೊಂಡು ಬಂದು ಹಿಂದೆ ನಿಂತಿದ್ದ. ನಾನು ಯುದ್ಧ ಹೇಳಿದೆ, ಉಪ್ಪು ಹೇಳಿದೆ, ನಲವತ್ತೆರಡು ಹೇಳಿದೆ, ಮೈಸೂರು ಚಲೋ ಎಂದಾಗ ಮೇಷ್ಟ್ರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ಪೆನ್ನು ಜೇಬಿಗಿಟ್ಟರು. ನಾವಿಕರ ಊಟಕ್ಕೆ ಬಂದಾಗ ನಿನ್ನ ಎಚ್ಚರಿಕೆ ನೆನಪಾಗಿ ತಡೆದುಕೊಂಡೆ. ಆಮೇಲೆ ಹೀಗೆ ಹೇಳಿದೆ:

"ದುಡ್ಡು ಮುಗಿದಿತ್ತು, ನಿಜ. ಜನ ಎದ್ದಿದ್ದರು, ಅದೂ ನಿಜ. ಎರಡನ್ನೂ ಕಾಣದವರಂತೆ ಅವರು ಬಹಳ ದಿನ ಕೂತಿದ್ದರು. ಕೊನೆಗೆ ಮಾಡು ಎಂದರೆ ಮಾಡುವವರು ಸಿಗಲಿಲ್ಲ. ಯಜಮಾನಿಕೆ ಯಜಮಾನನ ಕೈಲಿರಲ್ಲ ಸ್ವಾಮಿ, ಆಯ್ತು ಅನ್ನುವವನ ಬಾಯಲ್ಲಿರುತ್ತೆ. ಇದು ಗೊತ್ತಾದ ಮೇಲೂ ಏಳದೆ ಕೂತವನಿಗೆ ಮರ್ಯಾದೆ ಅನ್ನೋದೇನಿದೆ?"

ಚಪ್ಪಾಳೆ ಬಿತ್ತು. ಅಲ್ಲಿಗೆ ಇಳಿದುಬಿಡಬೇಕಿತ್ತು. ಚಪ್ಪಾಳೆ ಪೂರ್ತಿ ಕೇಳಿಸಿಕೊಂಡು ಇಳಿಯೋಣ ಎಂದು ನಿಂತೆ. ಆಗ ದೇವರಾಜ್ ಕೂತಲ್ಲಿಂದಲೇ, "ಹಂಗಾದ್ರೆ ನೀವು ಯಾವಾಗ ಏಳ್ತೀರಿ, ನಂಜುಂಡಯ್ಯನೋರೇ?" ಎಂದ.

ಇಡೀ ಸ್ಟೇಷನ್ ರೋಡು ನಕ್ಕಿತು. ಮೇಷ್ಟ್ರುಗಳು ನಕ್ಕರು, ಬಾವುಟ ಕಟ್ಟಿದವನು ನಕ್ಕ. ಹೇಮಂತ ನಗಲಿಲ್ಲ. ತಲೆ ತಗ್ಗಿಸಿಕೊಂಡು ಎಲೆ ಜೋಡಿಸುತ್ತಿದ್ದ, ನನ್ನ ಅವಮಾನ ತನ್ನದೇ ಎನ್ನುವಂತೆ. ಅದನ್ನು ನೋಡಿದೆನೋ ಇಲ್ಲವೋ, ಬಾಯಿ ತಾನಾಗಿ "ನಾಳೆ" ಎಂದುಬಿಟ್ಟಿತು. ಮೈಕು ಅದನ್ನು ರೈಲ್ವೆ ಗೇಟಿನವರೆಗೆ ಮುಟ್ಟಿಸಿತು.

ಮನೆಗೆ ಬರುವ ದಾರಿಯಲ್ಲಿ ಹೇಮಂತ ಖಾಲಿ ಪಾತ್ರೆ ಹಿಡಿದು ಪಕ್ಕದಲ್ಲಿ ನಡೆದ. ನಡೆಯುತ್ತಲೇ ಕೇಳಿದ: "ಅಪ್ಪ, ನಿಜವಾಗ್ಲೂ ಅಂದ್ರಾ, ಇಲ್ಲ ಮೈಕ್ ಮುಂದಿತ್ತು ಅಂತ ಅಂದ್ರಾ?"

"ಮೈಕ್ ಮುಂದಿತ್ತು ಅಂತಾನೇ ಅಂದೆ ಕಣೋ. ಅಂದಾಯ್ತಲ್ಲ" ಎಂದೆ.

ನಿನ್ನೆ ಬೆಳಿಗ್ಗೆ ಬೀಗದ ಕೈ ಅವನ ಕೈಗೆ ಕೊಟ್ಟೆ. ಹೋಟೆಲಿನ ಕಾಗದಕ್ಕೆ ನಿಮ್ಮಿಬ್ಬರ ಹೆಸರನ್ನೂ ಸೇರಿಸಲು ವಕೀಲರಿಗೆ ಹೇಳಿದ್ದೇನೆ, ಗೆರೆಯಿಲ್ಲದೆ. ಸೋಮವಾರ ಹಳೇಬೀಡಿನಲ್ಲಿ ಒಲೆ ಹಚ್ಚುತ್ತಾನೋ ಇಲ್ಲವೋ ನಾನು ಕೇಳಿಲ್ಲ. ಕೇಳುವ ಅಧಿಕಾರ ಹೋಗಿದೆ.

ಸದ್ಯಕ್ಕೆ ಜಗುಲಿಯಿಂದ,
ಅಪ್ಪ


ಅರಸೀಕೆರೆ
ಸೆಪ್ಟೆಂಬರ್ 4, 2025

ಹೇಮಾಶ್ರೀಗೆ,

ಹೇಮಂತ ಹಳೇಬೀಡಿನವರ ಹತ್ತಿರ ಕ್ಷಮೆ ಕೇಳಿ ಬಂದ. ಪಾತ್ರೆಗಳು ಬಸ್ಸಿನ ಮೇಲೆ ವಾಪಸು ಬಂದವು, ಒಂದು ಮುಚ್ಚಳ ಬಿಟ್ಟು. ಅಮ್ಮ ಈಗ ಮೊದಲಿನಂತೆ ಹಾಡಿಕೊಂಡು ಕೆಲಸ ಮಾಡುತ್ತಾಳೆ, ಶ್ರುತಿಯೂ ಮೊದಲಿನಂತೆಯೇ ಇದೆ.

ನನಗೆ ಹಗಲು ಉದ್ದವಾಗಿದೆ. ಮೊದಲ ವಾರ ಹೋಟೆಲಿನ ಕಡೆ ಹೋಗಲಿಲ್ಲ. ಸ್ಟೇಷನ್ನಿನಲ್ಲಿ ಕೂತು ಯಾರ ರೈಲು ತಡ ಎಂದು ಯಾರೂ ಕೇಳದಿದ್ದರೂ ಹೇಳುತ್ತಿದ್ದೆ. ನಿನ್ನೆ ಹಸಿವಾಗಿತ್ತು, ಹೋಟೆಲಿಗೆ ಹೋಗಿ ಗಿರಾಕಿಯಂತೆ ಬೆಂಚಿನ ಮೇಲೆ ಕೂತೆ. ಆ ಬೆಂಚುಗಳ ಮೇಲೆ ನಾನು ಎಂದೂ ಕೂತಿರಲಿಲ್ಲ. ಒಂದು ಕಾಲು ಗಿಡ್ಡ, ಅಲ್ಲಾಡುತ್ತದೆ. ಇಷ್ಟು ವರ್ಷ ಜನ ಅಲ್ಲಾಡಿಕೊಂಡೇ ತಿಂದಿದ್ದಾರೆ, ಒಬ್ಬರೂ ನನ್ನ ಹತ್ತಿರ ಬಾಯಿ ಬಿಟ್ಟಿಲ್ಲ.

ಮಹಾಂತೇಶ ಬಂದು ಏನು ಕೊಡಲಿ ಎಂದ. ನನಗೆ ಏನು ಬೇಕು ಎಂದು ಆ ಹೋಟೆಲಿನಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಅವನು ತಾಳ್ಮೆಯಿಂದ ಇರುವುದೆಲ್ಲ ಹೇಳಿದ. ಊಟ ಎಂದೆ.

ಉಂಡು ಎದ್ದು ಗಲ್ಲಾದ ಹತ್ತಿರ ಹೋಗಿ ದುಡ್ಡು ಇಟ್ಟೆ. ಹೇಮಂತ ದುಡ್ಡು ನೋಡಿದ, ನನ್ನನ್ನು ನೋಡಿದ. ಹಿಂದೆ ಜನ ನಿಂತಿದ್ದರು.

"ನಿಮ್ಮತ್ರ ಏನಪ್ಪ ದುಡ್ಡು" ಎಂದ, ಸಣ್ಣಗೆ.

"ತಗೊಳ್ಳೋ. ತಗೊಳ್ಳಲಿಲ್ಲ ಅಂದ್ರೆ ನಾನಿನ್ನೂ ಯಜಮಾನ ಅಂತಾಯ್ತದೆ."

ತೆಗೆದುಕೊಂಡ. ಚಿಲ್ಲರೆ ಎಣಿಸಿ ಕೊಟ್ಟ. ಆಮೇಲೆ, ಎಲ್ಲರನ್ನೂ ಕೇಳುವ ಹಾಗೆಯೇ, "ಊಟ ಚೆನ್ನಾಗಿತ್ತಾ?" ಎಂದು ಕೇಳಿದ. ಕೇಳಿ, ಉತ್ತರಕ್ಕೆ ಕಾದ. ಕುರ್ಚಿಯಲ್ಲಿದ್ದ ಅಷ್ಟೂ ದಿನ ನಾನು ಈ ಪ್ರಶ್ನೆಯನ್ನು ಯಾರಿಗೂ ಕೇಳಿರಲಿಲ್ಲ ಹೇಮಾ. ನನಗೆ ಬಾಯಿತುಂಬ ಹೇಳುವುದಿತ್ತು.

ಚೆನ್ನಾಗಿತ್ತು ಎಂದು ಹೇಳಿ ಹೊರಗೆ ಬಂದೆ.

ಸಾಂಬಾರಿಗೆ ಬೆಲ್ಲ ಜಾಸ್ತಿಯಾಗಿತ್ತು. ಅವನಿಗೆ ಹೇಳಬೇಡ.

ಅಪ್ಪ